ನಮ್ಮೊಳಗಿನ ಬೆಳಕನ್ನೂ ಕತ್ತಲನ್ನೂ ಒಟ್ಟಿಗೆ ಒಪ್ಪಿಕೊಳ್ಳುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಗ್ರಹಿಸಿದ್ದೇನೆ. ಬಹುಕಾಲದ ಗೆಳೆಯರೊಬ್ಬರ ವ್ಯಾಪಾರ ನಷ್ಟದಲ್ಲಿ ಮುಳುಗಿತೆಂಬ ಸುದ್ದಿ ಕಿವಿಗೆ ಬಿದ್ದಾಗ ದುಃಖವಾಗುವ ಮೊದಲು ನಿಮಗೆ ಒಳಗೊಳಗೇ ಒಂದು ಬಗೆಯ ಹಿತವಾಯಿತು. ಮರುಗಳಿಗೆಯಲ್ಲೇ ನಿಮ್ಮ ಬಗ್ಗೆ ನಿಮಗೇ ಹೇಸಿಗೆಯೆನಿಸಿತು. ಅಂದಿನಿಂದ ನಿಮ್ಮನ್ನು ನೀವು ಒಳ್ಳೆಯ ಮನುಷ್ಯನೆಂದು ನಂಬುವುದೇ ಕಷ್ಟವಾಗಿದೆ. ಒಳಿತನ್ನೂ ಕೆಡುಕನ್ನೂ ಒಪ್ಪಿಕೊಳ್ಳಬೇಕೆಂದು ಎಲ್ಲರೂ ಉಪದೇಶಿಸುತ್ತಾರೆ, ಆದರೆ ಕೆಡುಕನ್ನು ಒಪ್ಪಿಕೊಂಡರೆ ಅದಕ್ಕೆ ಪರವಾನಗಿ ಕೊಟ್ಟಂತಾಗುವುದಿಲ್ಲವೇ, ಗೆಳೆಯರಿಗೆ ಇದನ್ನೆಲ್ಲ ಹೇಳಿಬಿಡಬೇಕೇ ಎಂದು ಕೇಳಿದ್ದೀರಿ.

ಒಂದು ಭಾವನೆ ನನ್ನಲ್ಲಿದೆ ಎಂದು ತಿಳಿಯುವುದು ಬೇರೆ, ಅದು ಹೇಳಿದಂತೆ ನಡೆಯುವುದು ಬೇರೆ. ಪರವಾನಗಿಯ ಪ್ರಶ್ನೆ ಏಳುವುದು ಎರಡನೆಯದರಲ್ಲಿ ಮಾತ್ರ. ನನ್ನ ಅನುಭವದಲ್ಲಂತೂ ಮೊದಲನೆಯದನ್ನು ಮಾಡಲು ನಿರಾಕರಿಸುವವರೇ ಎರಡನೆಯದರಲ್ಲಿ ಹೆಚ್ಚಾಗಿ ಜಾರುತ್ತಾರೆ. ಇಲ್ಲವೆಂದು ಘೋಷಿಸಿಕೊಂಡದ್ದರ ಮೇಲೆ ಯಾರೂ ಕಣ್ಣಿಡುವುದಿಲ್ಲ.

ಮೊದಲಿಗೆ ನಿಮಗಾದ ಅನುಭವವನ್ನೇ ತೆಗೆದುಕೊಳ್ಳೋಣ. 2009ರಲ್ಲಿ ಜಪಾನಿನ ಸಂಶೋಧಕರ ತಂಡವೊಂದು ಮೆದುಳಿನ ಸ್ಕ್ಯಾನ್ ಮೂಲಕ ಇದನ್ನೇ ಪರೀಕ್ಷಿಸಿತು. ತಮ್ಮಂತೆಯೇ ಇದ್ದು ತಮಗಿಂತ ಮುಂದಿರುವ ಕಾಲ್ಪನಿಕ ವ್ಯಕ್ತಿಯ ಕುರಿತು ಓದುವಾಗ ಭಾಗವಹಿಸಿದವರ ಮೆದುಳಿನಲ್ಲಿ ನೋವು ಮತ್ತು ಸಂಘರ್ಷಕ್ಕೆ ಸಂಬಂಧಿಸಿದ ಭಾಗ ಚುರುಕಾಯಿತು. ಅದೇ ವ್ಯಕ್ತಿಗೆ ಕಷ್ಟ ಬಂತೆಂದು ಓದಿದಾಗ ಬಹುಮಾನ ಸಿಕ್ಕಾಗ ಚುರುಕಾಗುವ ಭಾಗ ಪ್ರತಿಕ್ರಿಯಿಸಿತು. ಅಸೂಯೆ ಹೆಚ್ಚಿದಷ್ಟೂ ಆ ಹಿತವೂ ಹೆಚ್ಚಿತ್ತು. ಇದರಿಂದ ನಿಮ್ಮ ಭಾವನೆ ಸಮರ್ಥನೀಯವಾಗುವುದಿಲ್ಲ. ಆದರೆ ಅದು ನಿಮ್ಮೊಬ್ಬರ ವಿಕೃತಿಯಲ್ಲ ಎಂಬುದು ಸ್ಪಷ್ಟವಾಗುತ್ತದೆ, ಜೊತೆಗೆ ಅದರ ಬೇರು ಎಲ್ಲಿದೆ ಎಂಬ ಸುಳಿವೂ ಸಿಗುತ್ತದೆ. ಗೆಳೆಯರ ನಷ್ಟ ಹಿತವೆನಿಸಿದ್ದರೆ ಅದಕ್ಕೂ ಮೊದಲು ಅವರ ಏಳಿಗೆ ಎಲ್ಲೋ ಚುಚ್ಚಿರಬೇಕು.

ಈ ಚುಚ್ಚುವಿಕೆ ಹೇಗೆ ವೇಷ ಬದಲಿಸುತ್ತದೆ ಎಂಬುದನ್ನು ನೋಡುವುದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಜೊತೆಗೆ ಕೆಲಸ ಮಾಡುವವರಿಗೆ ಬಡ್ತಿ ಸಿಕ್ಕಿತೆಂಬ ಸಂದೇಶ ಮೊಬೈಲಿಗೆ ಬರುತ್ತದೆ. ಬೆರಳು ‘ಹಾರ್ದಿಕ ಅಭಿನಂದನೆಗಳು’ ಎಂದು ಒತ್ತುತ್ತಿರುವಾಗಲೇ ಹೊಟ್ಟೆಯೊಳಗೆ ಏನೋ ಕುಸಿದಂತಾಗುತ್ತದೆ. ಆಮೇಲಿನದನ್ನು ನಾನು ನನ್ನಲ್ಲೇ ಹಲವು ಸಲ ಗಮನಿಸಿದ್ದೇನೆ: ಸ್ವಲ್ಪ ಹೊತ್ತಿನಲ್ಲೇ ಮನಸ್ಸು ಎಲ್ಲಿಂದಲೋ ಒಂದು ತತ್ತ್ವವನ್ನು ಹುಡುಕಿ ತರುತ್ತದೆ. ಇಲ್ಲಿ ಅರ್ಹತೆಗೆ ಬೆಲೆಯಿಲ್ಲ, ಆಯ್ಕೆಯ ಕ್ರಮವೇ ಸರಿಯಿಲ್ಲ, ಹಿರಿತನವನ್ನು ಕಡೆಗಣಿಸಲಾಗಿದೆ. ಇವೆಲ್ಲ ನಿಜವೂ ಆಗಿರಬಹುದು. ಆದರೆ ನಿನ್ನೆಯವರೆಗೆ ಆ ಕ್ರಮದ ಮೇಲೆ ನನಗೆ ಯಾವ ತಕರಾರೂ ಇರಲಿಲ್ಲ. ಹೊಟ್ಟೆಕಿಚ್ಚು ತನ್ನ ಹೆಸರಿನಲ್ಲಿ ಮಾತಾಡುವುದು ಅಪರೂಪ. ಅದು ನ್ಯಾಯದ ಹೆಸರಿನಲ್ಲಿ, ಕೆಲವೊಮ್ಮೆ ಕಾಳಜಿಯ ಹೆಸರಿನಲ್ಲಿ ಮಾತಾಡುತ್ತದೆ. ತನಗೆ ಹೊಟ್ಟೆಕಿಚ್ಚಾಗಿದೆ ಎಂದು ಬಲ್ಲವನು ದೂರಿನ ಪತ್ರವನ್ನು ಬರೆದರೂ ಒಂದು ವಾರ ಇಟ್ಟುಕೊಂಡು ಮತ್ತೆ ಓದುತ್ತಾನೆ, ಆಗಲೂ ಅದು ನ್ಯಾಯವೆನಿಸಿದರೆ ಕಳುಹಿಸುತ್ತಾನೆ. ನನಗೆ ಅಂಥದ್ದೆಲ್ಲ ಇಲ್ಲವೇ ಇಲ್ಲ ಎನ್ನುವವನು ಅಂದೇ ಕಳುಹಿಸಿ, ನೆಮ್ಮದಿಯಾಗಿ ನಿದ್ದೆ ಮಾಡುತ್ತಾನೆ.

ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ (1875–1961) ನಮ್ಮ ವ್ಯಕ್ತಿತ್ವದಲ್ಲಿ ನಾವು ನಮ್ಮದೆಂದು ಒಪ್ಪಲಾರದ ಭಾಗವನ್ನು ‘ನೆರಳು’ ಎಂದು ಕರೆದದ್ದು ನಿಮಗೆ ಗೊತ್ತಿರಬಹುದು. ನಮ್ಮಲ್ಲಿ ಕಾಣಲೊಲ್ಲದ್ದನ್ನು ಎದುರಿನವರಲ್ಲಿ ಕಂಡು ಸಿಟ್ಟಾಗುತ್ತೇವೆ ಎಂಬ ಅವರ ಗಮನಿಕೆ ನನಗೆ ಒಪ್ಪಿಗೆ. ಆದರೆ ಅವರ ಸಿದ್ಧಾಂತದ ಉಳಿದ ಭಾಗಗಳಲ್ಲಿ ಪರೀಕ್ಷೆಗೆ ಸಿಗದ ಸಂಗತಿಗಳು ಬಹಳವಿರುವುದರಿಂದ ಅದರ ಮೇಲೆ ಹೆಚ್ಚು ಭಾರ ಹಾಕಲು ನಾನು ಹಿಂಜರಿಯುತ್ತೇನೆ. ಕಾಮ, ಕ್ರೋಧ, ಲೋಭ, ಮೋಹ, ಮದ, ಮಾತ್ಸರ್ಯಗಳೆಂದು ಆರನ್ನು ಎಣಿಸಿದ ನಮ್ಮ ಹಿರಿಯರು ಅವು ಯಾರೋ ಕೆಲವರಲ್ಲಿವೆ ಎನ್ನಲಿಲ್ಲ, ಪ್ರತಿಯೊಬ್ಬರೊಳಗೂ ಇವೆ ಎಂದು ಹಿಡಿದುಕೊಂಡೇ ಮಾತು ಆರಂಭಿಸಿದರು. ಅವನ್ನು ಗೆಲ್ಲಬೇಕೆಂಬ ಉಪದೇಶ ನೆನಪಿನಲ್ಲಿ ಉಳಿಯಿತು, ಅವು ಎಲ್ಲರಲ್ಲೂ ಇವೆಯೆಂಬ ಮೊದಲ ಮಾತು ಮರೆತುಹೋಯಿತು.

ಕೆಟ್ಟ ಯೋಚನೆಯನ್ನು ಅದುಮಿಟ್ಟರೆ ಸಾಕಲ್ಲವೇ ಎಂದರೆ, ಅದು ಅಷ್ಟು ಸುಲಭವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಗಂಟೆ ಬಾರಿಸಿ ಎಂದು ಕೆಲವರಿಗೆ ಹೇಳಲಾಯಿತು. ಅವರು ಗಂಟೆ ಬಾರಿಸುತ್ತಲೇ ಇದ್ದರು. ಅಷ್ಟೇ ಅಲ್ಲ, ಈಗ ಯೋಚಿಸಬಹುದು ಎಂದ ಮೇಲೆ, ಮೊದಲಿನಿಂದಲೇ ಯೋಚಿಸಲು ಬಿಟ್ಟವರಿಗಿಂತ ಹೆಚ್ಚಾಗಿ ಅವರ ತಲೆಯಲ್ಲಿ ಕರಡಿ ಸುಳಿಯಿತು. ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು. ಎತ್ತರದಲ್ಲಿ ನಿಂತಾಗ ಪಕ್ಕದವರನ್ನು ತಳ್ಳಿಬಿಟ್ಟರೆ ಎಂಬಂಥ, ನಮಗೇ ಬೇಡವಾದ ಭಯಾನಕ ಯೋಚನೆಗಳು ಆರೋಗ್ಯವಂತರಾದ ಬಹುಪಾಲು ಜನರಿಗೂ ಬರುತ್ತವೆ ಎಂಬುದು 1978ರಿಂದಲೇ ಸಂಶೋಧನೆಗಳಲ್ಲಿ ದಾಖಲಾಗಿದೆ. ಅವು ಗುಪ್ತ ಬಯಕೆಗಳಲ್ಲ. ಅಂಥ ಯೋಚನೆಗಳು ಬಿಡದೆ ಕಾಡಿ ದಿನಚರಿಯನ್ನೇ ಕೆಡಿಸುತ್ತಿದ್ದರೆ, ಅಥವಾ ನಿಮಗೋ ಇತರರಿಗೋ ಹಾನಿ ಮಾಡಬೇಕೆಂಬ ನಿಜವಾದ ಉದ್ದೇಶ ಮೂಡುತ್ತಿದ್ದರೆ, ಇಂಥ ಉತ್ತರಗಳನ್ನು ಓದುತ್ತ ಕೂರದೆ ಮನೋವೈದ್ಯರನ್ನು ಕಾಣಿ.

ಕತ್ತಲು ಎಂದರೆ ಒಬ್ಬೊಬ್ಬರಲ್ಲಿ ಇಂತಿಷ್ಟು ಎಂದು ಅಳೆದಿಟ್ಟ ವಸ್ತುವೆಂದು ಭಾವಿಸಿ, ತನ್ನಲ್ಲಿ ಎಷ್ಟಿದೆ ಎಂದು ಕೊರಗುವವರಿಗೆ ನಾನು ಸಾಮಾನ್ಯವಾಗಿ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ ಅವರ ಪ್ರಯೋಗಗಳನ್ನು ನೆನಪಿಸುತ್ತೇನೆ. 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಇವುಗಳಲ್ಲಿ, ತಪ್ಪು ಉತ್ತರ ಹೇಳಿದ ವ್ಯಕ್ತಿಗೆ ಪ್ರತಿ ಸಲವೂ ಹೆಚ್ಚು ಪ್ರಬಲವಾದ ವಿದ್ಯುತ್ ಆಘಾತ ಕೊಡಬೇಕೆಂದು ಸಾಮಾನ್ಯ ಜನರಿಗೆ ಆದೇಶಿಸಲಾಗುತ್ತಿತ್ತು. ಆಘಾತ ನಿಜವಲ್ಲ, ಆಚೆ ಕೋಣೆಯ ವ್ಯಕ್ತಿ ನಟಿಸುತ್ತಿದ್ದಾನೆ ಎಂಬುದನ್ನು ಅವರಿಗೆ ತಿಳಿಸಿರಲಿಲ್ಲ. 1963ರಲ್ಲಿ ಪ್ರಕಟವಾದ ಮೊದಲ ವರದಿಯಲ್ಲಿ 40 ಮಂದಿಯಲ್ಲಿ 26 ಮಂದಿ ಕೊನೆಯ 450 ವೋಲ್ಟಿನವರೆಗೂ ಹೋದರು. ಎಲ್ಲರೂ ಉಲ್ಲೇಖಿಸುವುದು ಈ ಅಂಕಿಯನ್ನೇ. ನನ್ನ ಮನಸ್ಸಿನಲ್ಲಿ ಉಳಿದಿರುವುದು ಬೇರೆ ಎರಡು ವಿವರಗಳು. ಗುಂಡಿ ಒತ್ತುತ್ತಿದ್ದವರು ತಣ್ಣಗಿರಲಿಲ್ಲ; ಬೆವರುತ್ತಿದ್ದರು, ನಡುಗುತ್ತಿದ್ದರು, ತುಟಿ ಕಚ್ಚಿಕೊಳ್ಳುತ್ತಿದ್ದರು, ಕೆಲವರು ತಡೆಯಲಾರದೆ ವಿಚಿತ್ರವಾಗಿ ನಗುತ್ತಿದ್ದರು. ಕರುಣೆ ಅವರಲ್ಲಿ ಇತ್ತು, ಕೈ ಮಾತ್ರ ಅದರ ಮಾತು ಕೇಳಲಿಲ್ಲ. ಎರಡನೆಯದು, ಪಕ್ಕದಲ್ಲಿದ್ದ ಇಬ್ಬರು ನಾವು ಮುಂದುವರಿಸುವುದಿಲ್ಲ ಎಂದು ಎದ್ದುಹೋಗುವಂತೆ ಏರ್ಪಾಡು ಮಾಡಿದಾಗ ಕೊನೆಯವರೆಗೆ ಹೋದವರು 40ರಲ್ಲಿ 4 ಮಂದಿ ಮಾತ್ರ. ಆ ಪ್ರಯೋಗಗಳ ನೈತಿಕತೆಯ ಬಗ್ಗೆಯೂ, ಕೆಲವರಿಗೆ ಆಘಾತ ಸುಳ್ಳೆಂಬ ಅನುಮಾನ ಬಂದಿತ್ತೆಂಬ ಬಗ್ಗೆಯೂ ಗಂಭೀರ ಟೀಕೆಗಳಿವೆ, ನಿಜ. ಆದರೂ ಒಂದೇ ಬಗೆಯ ಜನ, ಎದ್ದುಹೋಗುವ ಇಬ್ಬರು ಪಕ್ಕದಲ್ಲಿದ್ದಾಗ ಬೇರೆಯಾಗಿ ನಡೆದುಕೊಂಡರೆಂಬ ಸಂಗತಿಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ನಾನು ಎಂಥವನು ಎಂಬ ಪ್ರಶ್ನೆಯಷ್ಟೇ, ನಾನು ಯಾರ ನಡುವೆ ಇದ್ದೇನೆ ಎಂಬ ಪ್ರಶ್ನೆಯೂ ಮುಖ್ಯ. ತನ್ನ ದೌರ್ಬಲ್ಯವನ್ನು ಬಲ್ಲವನು ತನಗೆ ಬೇಡ ಎನ್ನಬಲ್ಲವರನ್ನು ಹತ್ತಿರ ಇಟ್ಟುಕೊಳ್ಳುತ್ತಾನೆ.

ಒಬ್ಬನೇ ವ್ಯಕ್ತಿಯಲ್ಲಿ ಎರಡೂ ಒಟ್ಟಿಗಿರುವುದನ್ನು ಕಣ್ಣಾರೆ ನೋಡಬೇಕೆಂದರೆ ಅಶೋಕನ ಹದಿಮೂರನೆಯ ಶಿಲಾಶಾಸನಕ್ಕಿಂತ ಒಳ್ಳೆಯ ದಾಖಲೆ ನನಗೆ ಗೊತ್ತಿಲ್ಲ. ಪಟ್ಟಾಭಿಷೇಕವಾಗಿ ಎಂಟು ವರ್ಷಗಳಾದ ಮೇಲೆ ಕಳಿಂಗವನ್ನು ಗೆದ್ದದ್ದನ್ನೂ, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಿದ್ದನ್ನೂ, ಒಂದು ಲಕ್ಷ ಜನ ಹತರಾದದ್ದನ್ನೂ, ಅದರ ಹಲವು ಪಟ್ಟು ಜನ ಸತ್ತದ್ದನ್ನೂ ಅವನೇ ಹೇಳಿಕೊಂಡು ಪಶ್ಚಾತ್ತಾಪ ಪಡುತ್ತಾನೆ. ಗೆದ್ದ ಅರಸನೊಬ್ಬ ತನ್ನಿಂದ ಸತ್ತವರ ಲೆಕ್ಕವನ್ನು ಹೆಮ್ಮೆಗಾಗಿ ಅಲ್ಲದೆ ದುಃಖದಿಂದ ಕಲ್ಲಿನಲ್ಲಿ ಕೆತ್ತಿಸುವುದು ಇತಿಹಾಸದಲ್ಲಿ ವಿರಳ. ಅದೇ ಶಾಸನದ ಮುಂದಿನ ಸಾಲುಗಳಲ್ಲಿ ಅರಣ್ಯವಾಸಿಗಳಿಗೆ ಒಂದು ಎಚ್ಚರಿಕೆಯೂ ಇದೆ: ದೇವಾನಾಂಪ್ರಿಯನು ಪಶ್ಚಾತ್ತಾಪ ಪಟ್ಟಿದ್ದರೂ ದಂಡಿಸುವ ಶಕ್ತಿ ಅವನಲ್ಲಿದೆ, ಆದ್ದರಿಂದ ಅವರು ತಮ್ಮ ತಪ್ಪುಗಳಿಗೆ ನಾಚಿ ಕೊಲೆಗೀಡಾಗದೆ ಉಳಿಯಲಿ ಎಂಬುದು ಅದರ ತಾತ್ಪರ್ಯ. ಇನ್ನೂ ಒಂದು ಸಂಗತಿಯಿದೆ. ಕಳಿಂಗದ ನೆಲದಲ್ಲೇ ಇರುವ ಧೌಲಿ ಮತ್ತು ಜೌಗಡದ ಬಂಡೆಗಳ ಮೇಲೆ ಈ ಪಶ್ಚಾತ್ತಾಪದ ಶಾಸನವನ್ನು ಕೆತ್ತಿಸಿಲ್ಲ. ಅದರ ಬದಲು ಎಲ್ಲ ಜನರೂ ನನ್ನ ಮಕ್ಕಳು ಎಂದು ಸಾರುವ ಪ್ರತ್ಯೇಕ ಶಾಸನಗಳಿವೆ. ಸೋತವರ ಎದುರು ಆ ಲೆಕ್ಕವನ್ನು ಓದಿಸಲು ನಾಚಿಕೆಯಾಯಿತೋ, ಹಳೆಯ ಗಾಯವನ್ನು ಕೆದಕಬಾರದೆಂಬ ಕರುಣೆಯೋ, ಜನ ದಂಗೆಯೇಳಬಾರದೆಂಬ ರಾಜತಂತ್ರವೋ? ಮೂರೂ ಒಟ್ಟಿಗೆ ಇದ್ದಿರಬಹುದೆಂದು ನಾನು ಊಹಿಸುತ್ತೇನೆ.

ಶಾಲೆಯ ಪಾಠಗಳು ಅಶೋಕನನ್ನು ಚಂಡ, ಆಮೇಲೆ ಧರ್ಮಾತ್ಮ ಎಂದು ಎರಡು ತುಂಡು ಮಾಡಿ ತೋರಿಸುವುದು ನನಗೆ ಇಷ್ಟವಾಗುವುದಿಲ್ಲ. ಶಾಸನದಲ್ಲಿ ಮಾತಾಡುವವನು ಒಬ್ಬನೇ. ಪಶ್ಚಾತ್ತಾಪವೂ ಬೆದರಿಕೆಯೂ ಅವನವೇ. ಪಶ್ಚಾತ್ತಾಪ ಅಷ್ಟು ದೊಡ್ಡದಾದ್ದರಿಂದ ಬೆದರಿಕೆ ಲೆಕ್ಕಕ್ಕಿಲ್ಲ ಎನ್ನುವುದಾಗಲಿ, ಬೆದರಿಕೆ ಇರುವುದರಿಂದ ಪಶ್ಚಾತ್ತಾಪ ಬರೀ ನಾಟಕ ಎನ್ನುವುದಾಗಲಿ ಸರಿಯಲ್ಲ. ಮನುಷ್ಯರ ಒಳಿತು ಕೆಡುಕುಗಳು ಜಮಾ ಖರ್ಚಿನ ಹಾಗೆ ಒಂದನ್ನೊಂದು ಕಳೆದು ಶಿಲ್ಕು ಉಳಿಯುವಂಥವಲ್ಲ. ನೀವು ಗೆಳೆಯರ ನಷ್ಟಕ್ಕೆ ಒಂದು ಗಳಿಗೆ ಹಿಗ್ಗಿದ್ದು ನಿಜ, ಇಷ್ಟು ವರ್ಷ ಅವರ ಜೊತೆ ನಿಂತದ್ದೂ ಅಷ್ಟೇ ನಿಜ.

ಈ ಎರಡನೆಯ ನಿಜವನ್ನು ಒಪ್ಪಿಕೊಳ್ಳುವುದು ಕೆಲವರಿಗೆ ಮೊದಲನೆಯದಕ್ಕಿಂತ ಕಷ್ಟ. ನಿಮ್ಮ ಬರವಣಿಗೆಯ ಧಾಟಿಯಿಂದ ನೀವೂ ಅಂಥವರೆಂದು ತೋರುತ್ತದೆ. ತಾವು ಮಾಡಿದ ಯಾವ ಉಪಕಾರವನ್ನು ತೆಗೆದುಕೊಂಡರೂ, ಅದು ಹೊಗಳಿಕೆಗಾಗಿ, ಇಲ್ಲವೇ ಆತ್ಮತೃಪ್ತಿಗಾಗಿ ಮಾಡಿದ್ದು ಎಂದು ಇವರು ತೀರ್ಪು ಕೊಡುತ್ತಾರೆ. ಇದು ನೋಡಲು ವಿನಯದಂತಿದ್ದರೂ ತರ್ಕದಲ್ಲಿ ದೋಷವಿದೆ. ಸಹಾಯ ಮಾಡಿದ ಮೇಲೆ ಸಂತೋಷವಾಗುತ್ತದೆ ಎಂದ ಮಾತ್ರಕ್ಕೆ ಸಂತೋಷಕ್ಕಾಗಿಯೇ ಸಹಾಯ ಮಾಡಿದೆವು ಎಂದಾಗುವುದಿಲ್ಲ. ಎದುರಿನವರ ಒಳಿತಿನ ಬಗ್ಗೆ ಮೊದಲೇ ಅಕ್ಕರೆ ಇಲ್ಲದಿದ್ದರೆ ಆ ಸಂತೋಷ ಹುಟ್ಟುವುದಾದರೂ ಹೇಗೆ? 1981ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ಬ್ಯಾಟ್ಸನ್ ಮತ್ತು ಸಂಗಡಿಗರು ಇದನ್ನು ಪ್ರಯೋಗಕ್ಕೆ ಒಡ್ಡಿದರು. ಯುವತಿಯೊಬ್ಬಳು ವಿದ್ಯುತ್ ಆಘಾತದಿಂದ ನರಳುವುದನ್ನು ನೋಡುತ್ತಿದ್ದ ವಿದ್ಯಾರ್ಥಿನಿಯರಿಗೆ, ಅವಳ ಜಾಗದಲ್ಲಿ ನೀವು ಕೂರುತ್ತೀರಾ ಎಂದು ಕೇಳಲಾಯಿತು. ಅಲ್ಲಿಯೂ ಆಘಾತ ನಟನೆಯೇ. ಅವಳ ಬಗ್ಗೆ ಹೆಚ್ಚು ಮರುಕ ಹುಟ್ಟಿದವರಲ್ಲಿ ಬಹುತೇಕರು, ಸುಮ್ಮನೆ ಎದ್ದುಹೋಗುವ ಅವಕಾಶವಿದ್ದರೂ, ಕೂರುತ್ತೇವೆ ಎಂದರು. ಇದರಿಂದ ವಾದ ಮುಗಿಯಲಿಲ್ಲ, ಸ್ವಾರ್ಥದ ವಿವರಣೆಯನ್ನು ಬೇರೆ ಬೇರೆ ರೂಪದಲ್ಲಿ ಮುಂದಿಟ್ಟವರಿದ್ದಾರೆ. ಆದರೆ ಕೆಡುಕನ್ನು ನಂಬಲು ಒಂದು ಗಳಿಗೆಯ ಭಾವನೆಯಷ್ಟೇ ಸಾಕ್ಷ್ಯ ಸಾಕು, ಒಳಿತನ್ನು ನಂಬಲು ಮಾತ್ರ ಕಳಂಕವಿಲ್ಲದ ಸಾಕ್ಷ್ಯ ಬೇಕು ಎನ್ನುವುದು ಯಾವ ನ್ಯಾಯ?

ಇಷ್ಟು ಹೇಳಿದ ಮೇಲೆ ಈ ಮಾತುಗಳ ದುರುಪಯೋಗದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಮನುಷ್ಯನೆಂದ ಮೇಲೆ ಎರಡೂ ಇರುತ್ತವೆ, ಅವರಲ್ಲಿ ಒಳ್ಳೆಯ ಗುಣವೂ ಇದೆ, ಹೊಂದಿಕೊಂಡು ಹೋಗಿ ಎಂಬ ಮಾತನ್ನು ಹೊಡೆತ ತಿನ್ನುವವರಿಗೆ ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಒಬ್ಬರ ಸ್ವಭಾವದಲ್ಲಿ ಕ್ರೌರ್ಯವಿದೆ ಎಂದು ಅರಿಯುವುದಕ್ಕೂ ಅದರ ಎದುರು ಬೆನ್ನೊಡ್ಡಿ ನಿಲ್ಲುವುದಕ್ಕೂ ಏನೇನೂ ಸಂಬಂಧವಿಲ್ಲ. ಅರಿತವರು ದೂರ ಸರಿಯಬಹುದು, ದೂರು ಕೊಡಬಹುದು, ಕ್ಷಮಿಸದೆಯೂ ಇರಬಹುದು.

ಕೊನೆಗೆ, ಗೆಳೆಯರಿಗೆ ಹೇಳಬೇಕೇ ಎಂಬುದು. ನೀವು ಅವರಿಗೆ ಕೇಡು ಮಾಡಿದ್ದರೆ, ಉದಾಹರಣೆಗೆ ಅವರ ಗ್ರಾಹಕರ ಮುಂದೆ ಹಗುರವಾಗಿ ಮಾತಾಡಿದ್ದರೆ, ಹೇಳಲೇಬೇಕು, ಸಾಧ್ಯವಾದಷ್ಟು ಸರಿಪಡಿಸಲೂ ಬೇಕು. ಬರೀ ಭಾವನೆಯಾಗಿದ್ದರೆ ಬೇಡ. ನಷ್ಟದ ನಡುವೆ ಇರುವವರಿಗೆ ನಿಮ್ಮ ಸೋಲಿನಿಂದ ನನಗೆ ಹಿತವಾಗಿತ್ತು ಎಂದು ಹೇಳಿದರೆ, ತಮ್ಮ ಸಂಕಟದ ಜೊತೆಗೆ ನಿಮ್ಮನ್ನು ಸಮಾಧಾನಪಡಿಸುವ ಕೆಲಸವೂ ಅವರ ತಲೆಗೆ ಬೀಳುತ್ತದೆ. ಅದು ಪ್ರಾಮಾಣಿಕತೆಯಂತೆ ಕಂಡರೂ ನಿಮ್ಮ ಭಾರವನ್ನು ಅವರ ಹೆಗಲಿಗೆ ದಾಟಿಸುವುದೇ ಆಗಿದೆ. ಅದರ ಬದಲು ಅವರ ಬಳಿ ಹೋಗಿ, ಬಾಕಿಯ ಲೆಕ್ಕಪತ್ರ ನೋಡಲೋ ಸಾಲ ಕೊಟ್ಟವರ ಜೊತೆ ಮಾತಾಡಲೋ ಜೊತೆಗೆ ಕೂರಬಲ್ಲಿರಾದರೆ ಕೂರಿ. ಮತ್ತು ಅವರ ನಷ್ಟದ ಸುದ್ದಿಯನ್ನು ಮೂರನೆಯವರಿಗೆ ಹೇಳಬೇಕೆನಿಸಿದಾಗ, ‘ಪಾಪ’ ಎಂದು ಸೇರಿಸಿಯೇ ಹೇಳುವುದಾದರೂ, ಹೇಳಬೇಡಿ. ನೀವು ಬರೆದಿರುವ ಆ ಹಿತ ಹೊರಗೆ ಬರಲು ಹುಡುಕುವ ಮೊದಲ ದಾರಿ ಸಾಮಾನ್ಯವಾಗಿ ಅದೇ ಆಗಿರುತ್ತದೆ.