ಓದುಗರ ಪ್ರಶ್ನೆ: ಕೈಸೇರಿಯಲ್ಲಿ ಒಂದು ದಿನ ನಿಲ್ಲಬಹುದಾ?

ಪ್ರಶ್ನೆ: ಕಪ್ಪಡೋಕಿಯಾ ನೋಡಲು ಟರ್ಕಿಗೆ ಹೊರಟಿದ್ದೇವೆ. ವಿಮಾನ ಇಳಿಯುವುದು ಕೈಸೇರಿಯಲ್ಲಿ. ಅದು ತುಂಬಾ ಹಳೆಯ ವ್ಯಾಪಾರದ ಊರಂತೆ. ಈಗ ನೋಡಲು ಏನಾದರೂ ಉಳಿದಿದೆಯಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬೇಕಾದಷ್ಟು ಉಳಿದಿದೆ, ದಯವಿಟ್ಟು ಒಂದು ದಿನ ಅಲ್ಲೇ ನಿಲ್ಲಿ. ಕಪ್ಪಡೋಕಿಯಾದಲ್ಲಿ ಬಲೂನ್ ಹತ್ತುವ ಅವಸರದಲ್ಲಿ ಎಲ್ಲರೂ ವಿಮಾನ ನಿಲ್ದಾಣದಿಂದಲೇ ಹೊರಟುಬಿಡುತ್ತಾರೆ, ನನಗಂತೂ ಅದು ಬೇಜಾರು.

ಊರಿನಿಂದ ಸುಮಾರು 20 ಕಿ.ಮೀ. ದೂರದಲ್ಲಿ ಕ್ಯುಲ್‌ತೆಪೆ ಅಂತ ಒಂದು ದಿಬ್ಬವಿದೆ. ಹಾಗಂದರೆ ಬೂದಿದಿಬ್ಬ. ಸುಮಾರು 4000 ವರ್ಷಗಳ ಹಿಂದೆ ಇದೇ ಕನೇಶ್ ಪಟ್ಟಣ. ಈಗಿನ ಇರಾಕಿನಲ್ಲಿರುವ ಅಶೂರ್‌ನಿಂದ ವ್ಯಾಪಾರಿಗಳು ಕತ್ತೆಗಳ ಮೇಲೆ ತವರ, ಬಟ್ಟೆ ಹೇರಿಕೊಂಡು, ಸುಮಾರು 1000 ಕಿ.ಮೀ. ದಾರಿಯನ್ನು ಆರು ವಾರ ನಡೆದು ಇಲ್ಲಿಗೆ ಬರುತ್ತಿದ್ದರು. ತಾಮ್ರಕ್ಕೆ ತವರ ಬೆರೆಸಿದರೆ ತಾನೆ ಕಂಚು? ಅದಕ್ಕೇ ಅಷ್ಟು ಬೇಡಿಕೆ. ವಾಪಸ್ ಹೋಗುತ್ತಿದ್ದದ್ದು ಬೆಳ್ಳಿ, ಬಂಗಾರ. ಕತ್ತೆಗಳನ್ನೂ ಹೆಚ್ಚಾಗಿ ಇಲ್ಲೇ ಮಾರಿಬಿಡುತ್ತಿದ್ದರು.

ಇದೆಲ್ಲ ಗೊತ್ತಾಗಿದ್ದು ಅವರದೇ ಕಾಗದಪತ್ರಗಳಿಂದ. ಜೇಡಿಮಣ್ಣಿನ ಹಲಗೆಯ ಮೇಲೆ ಬರೆದು, ಮಣ್ಣಿನದೇ ಲಕೋಟೆ ಹಾಕಿ, ಮೇಲೆ ಮುದ್ರೆ ಒತ್ತುತ್ತಿದ್ದರು. ಅಂಥ 20,000ಕ್ಕೂ ಹೆಚ್ಚು ಹಲಗೆಗಳು ಇಲ್ಲಿ ಸಿಕ್ಕಿವೆ. ಸಾಲ, ಬಡ್ಡಿ, ಪಾಲುದಾರಿಕೆ, ಸುಂಕ ತಪ್ಪಿಸುವ ಕಳ್ಳದಾರಿ, ಎಲ್ಲವೂ ಅದರಲ್ಲಿದೆ. ನನಗೆ ಜಾಸ್ತಿ ಇಷ್ಟವಾಗುವುದು ಹೆಂಗಸರ ಪತ್ರಗಳು. ಲಮಸ್ಸಿ ಎಂಬಾಕೆ ಅಶೂರ್‌ನಲ್ಲಿ ಬಟ್ಟೆ ನೇಯಿಸಿ ಕನೇಶ್‌ನಲ್ಲಿದ್ದ ಗಂಡ ಪುಶುಕೆನ್‌ಗೆ ಕಳಿಸುತ್ತಿದ್ದಳು. ‘ನೀವು ಹೋದ ಮೇಲೆ ಇನ್ನೊಂದು ಮನೆಯವರು ಎರಡು ಸಲ ಮನೆ ಕಟ್ಟಿಸಿದರು, ನಾವು ಯಾವಾಗ ಕಟ್ಟಿಸೋದು’ ಅಂತ ಅವಳು ಗಂಡನನ್ನು ಕೇಳುತ್ತಾಳೆ. ಪಕ್ಕದ ಮನೆಯ ಮಾತು ಕೇಳಿದ ಹಾಗೇ ಇದೆ, ಅಲ್ವಾ?

ಇವತ್ತಿನ ಕೈಸೇರಿಯೂ ವ್ಯಾಪಾರದ ಊರೇ. ಸೋಫಾ, ಮಂಚ ಮಾಡುವ ಕಾರ್ಖಾನೆಗಳಿಗೆ ಟರ್ಕಿಯಲ್ಲೆಲ್ಲ ಹೆಸರುವಾಸಿ. ನಡುವೂರಲ್ಲಿ ಕಪ್ಪು ಕಲ್ಲಿನ ಕೋಟೆ, ಅದರೊಳಗೇ ಮ್ಯೂಸಿಯಂ ಇದೆ, ಮೊದಲು ಅಲ್ಲಿ ಆ ಹಲಗೆಗಳನ್ನು ನೋಡಿ. ಆಮೇಲೆ ಹತ್ತಿರದಲ್ಲೇ ಇರುವ ಹಳೆಯ, ಚಾವಣಿ ಇರುವ ಬಜಾರಿಗೆ ಹೋಗಿ, ಸುಮ್ನೆ ಸುತ್ತಾಡಿ. ಅಂಗಡಿಗಳಲ್ಲಿ ತೂಗುಹಾಕಿರುವ ಪಾಸ್ತಿರ್ಮಾ ಅಂದರೆ ಒಣಗಿಸಿದ ದನದ ಮಾಂಸ. ಅದಕ್ಕೆ ಬಳಿಯುವುದು ಮೆಂತ್ಯ, ಬೆಳ್ಳುಳ್ಳಿ, ಕೆಂಪು ಮೆಣಸಿನ ಪುಡಿಯ ಗಟ್ಟಿ ಮಸಾಲೆ. ಮಾಂಸ ತಿನ್ನದವರು ಮಂತಿ ಎಂಬ ಪುಟ್ಟ ಕಡುಬನ್ನೂ ಕೇಳಿಯೇ ತಿನ್ನಿ, ಸಾಮಾನ್ಯವಾಗಿ ಒಳಗೆ ಮಾಂಸವೇ ಇರುತ್ತದೆ. ಆಕಾಶ ತಿಳಿಯಾಗಿದ್ದರೆ ಊರಿಂದಲೇ 3917 ಮೀಟರ್ ಎತ್ತರದ ಎರ್ಜಿಯೆಸ್ ಬೆಟ್ಟವೂ ಕಾಣುತ್ತದೆ.