ಕಥೆ ಎಲ್ಲಿ ನಿಂತಿತು, ಮಿಠಾಯಿ ಯಾರು ಮಾರಿದರು?

ಪ್ರಶ್ನೆ: ನಾನು ಹಾಸನದವಳು. ಈಗ ಹೊರದೇಶದಲ್ಲಿ ಮೊದಲ ವರ್ಷದ ಬಿ.ಎ. ಓದುತ್ತಿದ್ದೇನೆ. ಪಿಯುಸಿಯಿಂದಲೂ ಅನಿಮೆ (ಜಪಾನಿನ ಕಾರ್ಟೂನ್), ಕೊರಿಯನ್ ಡ್ರಾಮಾ ಅಂದರೆ ಪ್ರಾಣ. ಅದಕ್ಕೇ ಪೂರ್ವ ಏಷ್ಯಾದ ಜನಪ್ರಿಯ ಮಾಧ್ಯಮ ಮತ್ತು ಕಥೆಗಾರಿಕೆಯ ಮೇಲಿನ ಪೇಪರ್ ತೆಗೆದುಕೊಂಡೆ. ಮೊದಲ ಪ್ರಬಂಧ ವಾಪಸ್ ಬಂತು. 'ಕಥೆ ಹೇಳಿದ್ದೀರಿ, ವಾದ ಎಲ್ಲಿ?' ಅಂತ ಷರಾ. ಅಷ್ಟೊಂದು ನೋಡಿದ್ದರೂ ಬರೆಯಲು ಏನೂ ತೋಚುತ್ತಿಲ್ಲ. ಭಾಷೆ ಬಾರದೆ ಇದನ್ನು ಓದಬಹುದಾ? ಅಮ್ಮ ಬೇರೆ ಫೋನಿನಲ್ಲಿ 'ಕಾರ್ಟೂನ್ ನೋಡೋಕೆ ಇಷ್ಟು ಫೀಸ್ ಕಟ್ಬೇಕಾ' ಅಂತಾರೆ.

ಉತ್ತರ: ಅಮ್ಮ ಕೇಳಿದ್ದು ಒಳ್ಳೆಯ ಪ್ರಶ್ನೆಯೇ. ಸ್ವಲ್ಪ ತಿರುಗಿಸಿ ಕೇಳಿಕೊಳ್ಳಿ: ಈ ಕಾರ್ಟೂನಿಗೆ ದುಡ್ಡು ಹಾಕಿದವರು ಯಾರು, ಅದು ಅವರಿಗೆ ಹೇಗೆ ವಾಪಸ್ ಬಂತು? 'ಈ ಕಥೆಯ ಸಂದೇಶವೇನು' ಅಂತ ಹುಡುಕುತ್ತಾ ಕೂತರೆ ಮತ್ತೆ ಕಥೆಯನ್ನೇ ಹೇಳುತ್ತೀರಿ. ದುಡ್ಡಿನ ಹಿಂದೆ ಹೋಗಿ, ವಾದ ಸಿಗುತ್ತದೆ.

1930ರ ದಶಕದ ಜಪಾನಿನ ಒಂದು ಬೀದಿ. ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ ಕಟ್ಟಿಕೊಂಡು ಒಬ್ಬ ಬರುತ್ತಾನೆ. ಎರಡು ಮರದ ತುಂಡುಗಳನ್ನು ಟಕ್ ಟಕ್ ಬಡಿದ ಕೂಡಲೇ ಮಕ್ಕಳೆಲ್ಲ ಹಾಜರ್. ಪೆಟ್ಟಿಗೆಯೊಳಗೆ ಚಿತ್ರದ ಹಾಳೆಗಳು. ಒಂದೊಂದೇ ಎಳೆಯುತ್ತಾ, ದನಿ ಬದಲಿಸುತ್ತಾ ಕಥೆ ಹೇಳುತ್ತಾನೆ. ಇದು ಕಾಮಿಶಿಬಾಯಿ, ಅಂದರೆ ಕಾಗದದ ನಾಟಕ. ಟಿಕೆಟ್ ಇಲ್ಲ. ಅವನ ಸಂಪಾದನೆಯೆಲ್ಲ ಮಿಠಾಯಿಯಿಂದ. ಮಿಠಾಯಿ ಕೊಂಡವರಿಗೆ ಮುಂದಿನ ಜಾಗ. ನಾಯಕ ಇನ್ನೇನು ಪ್ರಪಾತಕ್ಕೆ ಬೀಳಬೇಕು, ಅಷ್ಟರಲ್ಲಿ ಪೆಟ್ಟಿಗೆ ಮುಚ್ಚುತ್ತಾನೆ. ಮಕ್ಕಳು ನಾಳೆಯೂ ಬರಬೇಕಲ್ಲ! ಕಥೆ ಅಲ್ಲಿ ನಿಂತಿದ್ದು ಕಥೆಯ ರುಚಿಗಾಗಿಯೋ, ಮಿಠಾಯಿಯ ವ್ಯಾಪಾರಕ್ಕಾಗಿಯೋ? ಬಿಡಿಸಿ ಹೇಳುವುದು ಕಷ್ಟ. ನಿಮ್ಮ ಪೇಪರಿನ ವಿಷಯವೇ ಆ ಗಂಟು.

1953ರಲ್ಲಿ ಜಪಾನಿನಲ್ಲಿ ಟಿವಿ ಪ್ರಸಾರ ಶುರುವಾಯಿತು. ಜನ ಅದನ್ನು 'ಕರೆಂಟಿನ ಕಾಮಿಶಿಬಾಯಿ' ಅಂತಲೇ ಕರೆದರು. ಸೈಕಲ್ಲಿನವರ ಹೊಟ್ಟೆಗೆ ಕಲ್ಲು ಬಿತ್ತು. ಅವರಿಗೆ ಚಿತ್ರ ಬರೆದುಕೊಡುತ್ತಿದ್ದ ಕೆಲವರು ಮಾಂಗಾ, ಅಂದರೆ ಜಪಾನಿನ ಚಿತ್ರಕಥೆಗಳ ಕಡೆ ಹೋದರು. ದೆವ್ವ, ಪಿಶಾಚಿಗಳ ಕಥೆಗೆ ಹೆಸರಾದ ಮಿಝುಕಿ ಶಿಗೆರು ಹಾಗೆ ಬಂದವರು. 1963ರ ಜನವರಿ 1ರಂದು ಮಾಂಗಾ ಕಲಾವಿದ ತೆಝುಕಾ ಒಸಾಮು ಅವರ ರೋಬಾಟ್ ಹುಡುಗ ಆಸ್ಟ್ರೋ ಬಾಯ್ ಟಿವಿಗೆ ಬಂದ. ವಾರಕ್ಕೊಮ್ಮೆ ಅರ್ಧ ಗಂಟೆ. ಚಾನೆಲ್ ಕೊಡುತ್ತಿದ್ದ ದುಡ್ಡು ಖರ್ಚಿಗೆ ಸಾಲದು. ಅದಕ್ಕೆ ಚಿತ್ರಗಳಲ್ಲೇ ಉಳಿತಾಯ. ಮುಖ ಅಲುಗುವುದಿಲ್ಲ, ಬಾಯಿ ಮಾತ್ರ ಆಡುತ್ತದೆ. ಒಮ್ಮೆ ಬರೆದ ಹಾರಾಟವನ್ನೇ ಬೇರೆ ಬೇರೆ ಕಂತಿನಲ್ಲಿ ಮತ್ತೆ ತೋರಿಸುತ್ತಾರೆ. ನೀವು 'ಅನಿಮೆ ಸ್ಟೈಲ್' ಅಂತ ಮೆಚ್ಚುವ ಎಷ್ಟೋ ಸಂಗತಿ ಬೆಳೆದದ್ದು ಈ ಕೈಬಿಗಿಯಲ್ಲಿ. ಇಲ್ಲೂ ಮಿಠಾಯಿ ಇದೆ ನೋಡಿ. ಪ್ರಾಯೋಜಕರು ಮೇಜಿ ಎಂಬ ಚಾಕೊಲೇಟ್ ಕಂಪನಿ. ಅವರ ಚಾಕೊಲೇಟಿನ ಜೊತೆ ಸಿಗುವ ಆಸ್ಟ್ರೋ ಬಾಯ್ ಸ್ಟಿಕ್ಕರಿಗೆ ಮಕ್ಕಳು ಮುಗಿಬಿದ್ದರು.

ಮಾಂಗಾ ವಾರಪತ್ರಿಕೆಗಳದ್ದು ಇನ್ನೊಂದು ಲೆಕ್ಕ. 1968ರಲ್ಲಿ ಶುರುವಾದ ಶೋನೆನ್ ಜಂಪ್ ತನ್ನ ಓದುಗರಿಂದ ಪೋಸ್ಟ್‌ಕಾರ್ಡಿನಲ್ಲಿ ಓಟು ಹಾಕಿಸಿಕೊಳ್ಳುತ್ತಿತ್ತು. ಓಟು ಬೀಳದ ಕಥೆ ಬೇಗ ಬಂದ್. 1990ರ ದಶಕದ ನಡುವೆ ಅದು 65 ಲಕ್ಷ ಪ್ರತಿ ದಾಟಿತ್ತು. ಪ್ರತಿ ವಾರದ ಕೊನೆಯ ಪುಟದಲ್ಲಿ ಏನಾದರೊಂದು ಆಗಲೇಬೇಕು ಅನ್ನುವ ಒತ್ತಡ ಎಲ್ಲಿಂದ ಬಂತು, ಗೊತ್ತಾಯ್ತಲ್ಲ? ಇನ್ನು ಕೊರಿಯಾದ ವೆಬ್‌ಟೂನಿಗೆ, ಅಂದರೆ ಫೋನಿನಲ್ಲಿ ಓದುವ ಚಿತ್ರಕಥೆಗೆ, ಪುಟವೇ ಇಲ್ಲ. ಬೆರಳಲ್ಲಿ ಮೇಲಕ್ಕೆ ತಳ್ಳುತ್ತಾ ಓದಬೇಕು. ಎರಡು ಚಿತ್ರಗಳ ನಡುವಿನ ಖಾಲಿ ಜಾಗ ಉದ್ದವಾದಷ್ಟೂ ಎದೆ ಡವಗುಟ್ಟುವುದು ಜಾಸ್ತಿ. ಮುಂದಿನ ಕಂತು ಈಗಲೇ ಬೇಕೆಂದರೆ ದುಡ್ಡು ಕೊಡಿ. ನೇವರ್ ಕಂಪನಿ ಅಲ್ಲಿ ತನ್ನ ವೆಬ್‌ಟೂನ್ ಆ್ಯಪಿನ ನಾಣ್ಯಕ್ಕೆ ಇಟ್ಟ ಹೆಸರು 'ಕುಕೀ', ಅಂದರೆ ಬಿಸ್ಕತ್ತು. ನನಗಂತೂ ಸೈಕಲ್ಲಿನವನೇ ನೆನಪಾಗುತ್ತಾನೆ.

ಹಾಗಂತ ಜಪಾನ್, ಕೊರಿಯಾ, ಚೀನಾ ಮೂರನ್ನೂ ಒಂದೇ ಮೂಟೆ ಕಟ್ಟಬೇಡಿ. ಚೀನಾದ ಎಷ್ಟೋ ಹಳೆಯ ಕಾದಂಬರಿಗಳಲ್ಲಿ ಅಧ್ಯಾಯ ಮುಗಿಯುವುದು 'ಮುಂದೇನಾಯಿತು, ಮುಂದಿನ ಸಲ ಕೇಳಿ' ಎಂಬರ್ಥದ ಮಾತಿನಿಂದ. ಓದುವ ಪುಸ್ತಕದಲ್ಲಿ 'ಕೇಳಿ'! ಬೀದಿಯಲ್ಲಿ ಕಥೆ ಹೇಳುತ್ತಿದ್ದವರ ವರಸೆ ಅಚ್ಚಿನಲ್ಲೂ ಉಳಿದುಕೊಂಡಿತು. ಕೊರಿಯಾದ ನೋವು ಬೇರೆ. 1910ರಿಂದ 1945ರವರೆಗೆ ಅದು ಜಪಾನಿನ ವಸಾಹತು. ಜಪಾನಿನ ಸಿನಿಮಾ, ಹಾಡು, ಮಾಂಗಾಗಳ ಮೇಲೆ ದಕ್ಷಿಣ ಕೊರಿಯಾ ಹಾಕಿದ್ದ ತಡೆ ಸಡಿಲವಾಗತೊಡಗಿದ್ದೇ 1998ರಲ್ಲಿ. 'ಪೂರ್ವ ಏಷ್ಯಾದವರ ಕಥೆಗಳು ಹೀಗಿರುತ್ತವೆ' ಅಂತ ಬರೆದಿದ್ದರೆ ಅಳಿಸಿಬಿಡಿ. ಜಗಳವೇ ಇಲ್ಲದ ನಾಲ್ಕು ಹಂತದ ಕಥೆ (ಆರಂಭ, ಬೆಳವಣಿಗೆ, ತಿರುವು, ಮುಕ್ತಾಯ) ಜಪಾನಿನ ಗುಟ್ಟು ಅಂತ ಹೇಳುವ ವಿಡಿಯೋಗಳನ್ನೂ ಸುಮ್ನೆ ನಂಬಬೇಡಿ. ಆ ನಾಲ್ಕು ಹಂತ ಮೂಲದಲ್ಲಿ ಚೀನೀ ಪದ್ಯದ ಕಟ್ಟು. ನಾಲ್ಕು ಚೌಕದ ಮಾಂಗಾಕ್ಕೆ ಚೆನ್ನಾಗಿ ಒಗ್ಗುತ್ತದೆ, ಎಲ್ಲದಕ್ಕೂ ಅಲ್ಲ.

ಭಾಷೆಯ ವಿಚಾರ. ಮೊದಲ ವರ್ಷಕ್ಕೆ ಅನುವಾದ ಸಾಕು. ಆದರೆ ಲಿಪಿ ಕಲಿಯಿರಿ. ಜಪಾನಿನ ಲಿಪಿಗಳಲ್ಲೊಂದಾದ ಹಿರಗಾನದಲ್ಲಿ 46 ಅಕ್ಷರ. ಅ ಇ ಉ ಎ ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಸಂಸ್ಕೃತ ಕಲಿತ ಬೌದ್ಧ ಭಿಕ್ಷುಗಳ ಮೂಲಕ ಅಲ್ಲಿಗೆ ಹೋದ ನಮ್ಮ ವರ್ಣಮಾಲೆಯ ಕ್ರಮ ಅದು. ಚ ಜಾಗದಲ್ಲಿ ಸ, ಪ ಜಾಗದಲ್ಲಿ ಹ ಕೂತಿದೆ.

ಕನ್ನಡದವರಾಗಿ ನಿಮಗೆ ಇನ್ನೊಂದು ಲಾಭವಿದೆ. ಕೊರಿಯನ್ ಡ್ರಾಮಾದಲ್ಲಿ ಇಬ್ಬರು ಮರ್ಯಾದೆಯಿಂದ ಮಾತಾಡುತ್ತಿರುತ್ತಾರೆ, ವಾಕ್ಯದ ಕೊನೆಗೆ 'ಯೊ' ಕೇಳಿಸುತ್ತಿರುತ್ತದೆ. ಥಟ್ಟನೆ ಒಂದು ಮಾತಿನಲ್ಲಿ ಅದು ಬಿದ್ದುಹೋಗುತ್ತದೆ. ಇಂಗ್ಲಿಷ್ ಸಬ್‌ಟೈಟಲಿನಲ್ಲಿ ಮೊದಲೂ 'ಯೂ', ಆಮೇಲೂ 'ಯೂ'. ನಮ್ಮಲ್ಲಾದರೆ 'ನೀವು' ಹೋಗಿ 'ನೀನು' ಬಂದಂತೆ. ಅದು ಸಲುಗೆಯೋ, ಸಿಟ್ಟೋ, ಅವಮಾನವೋ ಅಂತ ನಿಮ್ಮ ಕಿವಿ ಬೇಗ ಹಿಡಿಯುತ್ತದೆ. ಇದನ್ನೇ ಪ್ರಬಂಧದಲ್ಲಿ ಬರೆಯಿರಿ.

ಈ ವಾರ ಇಷ್ಟೇ ಮಾಡಿ. ಟಿವಿಗೆಂದು ಮಾಡಿದ ಒಂದು ಡ್ರಾಮಾದ ಒಂದೇ ಕಂತು ತೆಗೆದುಕೊಳ್ಳಿ. ಕೊನೆಯ ಮೂರು ನಿಮಿಷವನ್ನು ನಾಲ್ಕು ಸಲ ನೋಡಿ. ಯಾರು 'ಯೊ' ಬಿಟ್ಟರು, ಕಥೆ ಯಾವ ಮುಖದ ಮೇಲೆ ನಿಂತಿತು, ನಾಯಕಿಯ ಕೈಯಲ್ಲಿ ಯಾವ ಕಂಪನಿಯ ಫೋನಿತ್ತು, ಬರೆದಿಟ್ಟುಕೊಳ್ಳಿ.