ಜಾನಪದ ಲೋಕಕ್ಕೆ ಒಂದು ಗಂಟೆ ಸಾಲದು

ಅಮ್ಮ ಮತ್ತು ಎಂಟು ವರ್ಷದ ಮಗಳ ಜೊತೆ ಮೈಸೂರಿಗೆ ಹೋಗುವಾಗ ರಾಮನಗರದ ಜಾನಪದ ವಸ್ತುಸಂಗ್ರಹಾಲಯ ಜಾನಪದ ಲೋಕಕ್ಕೆ ಒಂದು ಗಂಟೆ ಕೊಡಬಹುದಾ, ಅಲ್ಲಿ ಉಡುಗೊರೆ ಏನಾದರೂ ಸಿಗುತ್ತದಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ, ಆದರೆ ಎರಡು ಗಂಟೆ ಇಟ್ಟುಕೊಳ್ಳಿ. ಮಂಗಳವಾರ ರಜೆ. ಹೊಸ ಎಕ್ಸ್‌ಪ್ರೆಸ್‌ವೇ ಹಿಡಿದರೆ ರಾಮನಗರದ ಹೊರಗೇ ಹೋಗಿಬಿಡುತ್ತೀರಿ, ಹಳೇ ಹೆದ್ದಾರಿಗೆ ಇಳಿಯಿರಿ.

ಜಾನಪದ ವಿದ್ವಾಂಸ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾಗ ಇದು. ಮೊದಲು ಲೋಕಮಾತಾ ಮಂದಿರ ನೋಡಿ. ಒಳಗೆಲ್ಲ ಅಡುಗೆಮನೆ ಸಾಮಾನು, ಕಾಳು ತುಂಬುವ ಪಾತ್ರೆ, ಬುಟ್ಟಿಗಳು. ನಿಮ್ಮ ಅಮ್ಮ ಇಲ್ಲೇ ಗೈಡ್ ಆಗಿಬಿಡುತ್ತಾರೆ, ಅವಸರ ಮಾಡಬೇಡಿ! ಲೋಕಮಹಲ್‌ನಲ್ಲಿ ಯಕ್ಷಗಾನದ ವೇಷ, ತೊಗಲುಗೊಂಬೆ, ಸೋಮನ ಕುಣಿತದ ಮುಖವಾಡ ಇವೆ. ಮಗಳಿಗೆ ಇದೇ ಜಾಸ್ತಿ ಇಷ್ಟವಾಗಬಹುದು. ಬಯಲಲ್ಲಿರುವ ವೀರಗಲ್ಲುಗಳನ್ನು, ಅಂದರೆ ಹೋರಾಡಿ ಸತ್ತ ವೀರರ ನೆನಪಿನ ಕಲ್ಲುಗಳನ್ನು, ಸುಮ್ನೆ ದಾಟಿಹೋಗಬೇಡಿ. ಕೆಳಗಿನ ಪಟ್ಟಿಯಲ್ಲಿ ಕಾಳಗ, ಮೇಲೆ ಸ್ವರ್ಗ ಅಂತ ಕಲ್ಲಿನಲ್ಲೇ ಕಥೆ ಇರುತ್ತದೆ.

ಉಡುಗೊರೆಗೆ ನನ್ನ ಸಲಹೆ ಚನ್ನಪಟ್ಟಣ. ಅದೇ ಹಳೇ ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ ಆಯಿತು. ಅಲ್ಲಿನ ಗೊಂಬೆಗಳಿಗೆ ಆಲೆ ಮರ ಬಳಸುತ್ತಾರೆ. ಮರದ ತುಂಡು ಯಂತ್ರದಲ್ಲಿ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿ ಬಣ್ಣ ಹಾಕುತ್ತಾರೆ. ಪ್ಲಾಸ್ಟಿಕ್ ಆಟಿಕೆಗಳೂ ಪಕ್ಕದಲ್ಲೇ ಇರುತ್ತವೆ, ನೋಡಿ ತಗೊಳ್ಳಿ. ಮಗಳಿಗೆ ಬುಗುರಿ ಕೊಡಿಸಿ.